ಕೋಬೋ ಟೂಲ್‌ಬಾಕ್ಸ್ ವಿಮರ್ಶೆ: ಪ್ರಶ್ನೆ ತಿದ್ದುವ ಕೈ ಪಾಲಿಕೆಯಲ್ಲೇ ಇದ್ದರೆ

ದಾವಣಗೆರೆಯಂಥ ಊರಿನ ಪಾಲಿಕೆಗೆ ತಂತ್ರಾಂಶಗಳ ಬರವಿಲ್ಲ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳ ಪಟ್ಟಿಯಲ್ಲಿ ಬೆಳಗಾವಿಯ ಜೊತೆ ದಾವಣಗೆರೆಯ ಹೆಸರೂ ಬಂತು, 2025ರ ಮಾರ್ಚ್ 31ಕ್ಕೆ ಯೋಜನೆಯೇ ಮುಗಿಯಿತು. ಆಸ್ತಿ ತೆರಿಗೆಗೊಂದು ತಂತ್ರಾಂಶ, ನೀರಿನ ಬಿಲ್ಲಿಗೊಂದು, ಕಟ್ಟಡ ಪರವಾನಗಿಗೊಂದು, ದೂರಿಗೊಂದು. ಎಲ್ಲವೂ ಬೇಕಾದವೇ. ಆದರೆ ಒಬ್ಬ ಆರೋಗ್ಯ ನಿರೀಕ್ಷಕರಿಗೆ ಇವತ್ತು ಸಂಜೆ ಒಂದು ಹೊಸ ಪ್ರಶ್ನೆ ಹೊಳೆದರೆ, ಅದನ್ನು ನಾಳೆ ಬೆಳಿಗ್ಗೆ ವಾರ್ಡಿನಲ್ಲಿ ಕೇಳಿಸಿಬಿಡುವ ದಾರಿ ಇವುಗಳಲ್ಲಿ ಯಾವುದರಲ್ಲೂ ಇಲ್ಲ. ಪ್ರಶ್ನೆ ಸೇರಬೇಕಾದರೆ ಕಡತ ಹುಟ್ಟಬೇಕು, ಪತ್ರ ಹೋಗಬೇಕು, ತಂತ್ರಾಂಶ ಬರೆದವರು ಒಪ್ಪಬೇಕು. ಅಷ್ಟರಲ್ಲಿ ಪ್ರಶ್ನೆ ಹೊಳೆದವರಿಗೆ ವರ್ಗವಾಗಿರುತ್ತದೆ.

ಇನ್ನೊಂದು ತುದಿಯಲ್ಲಿ ವಾಟ್ಸ್ಆ್ಯಪ್ ಗುಂಪು. ದಫೇದಾರರು ಕಸದ ರಾಶಿಯ ಫೋಟೋ ಹಾಕುತ್ತಾರೆ, ಮೇಲಿನವರು ಹೆಬ್ಬೆರಳು ಒತ್ತುತ್ತಾರೆ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಕಳಿಸಿದರೆ ಅದರೊಳಗಿದ್ದ ಸ್ಥಳದ ಮಾಹಿತಿ ಅಳಿಸಿಹೋಗುತ್ತದೆ. ತಿಂಗಳ ಕೊನೆಗೆ ‘ಒಂದೇ ಜಾಗದಲ್ಲಿ ಎಷ್ಟು ಸಲ ರಾಶಿ ಬಿತ್ತು’ ಎಂದು ಕೇಳಿದರೆ ಗುಂಪಿನಲ್ಲಿ ಉತ್ತರವಿಲ್ಲ, ಫೋಟೋಗಳು ಮಾತ್ರ ಇವೆ.

ಕೋಬೋ ಟೂಲ್‌ಬಾಕ್ಸ್ ಕೂರುವುದು ಈ ಎರಡರ ನಡುವಿನ ಜಾಗದಲ್ಲಿ. ಹಾರ್ವರ್ಡ್ ಹ್ಯುಮಾನಿಟೇರಿಯನ್ ಇನಿಷಿಯೇಟಿವ್‌ನಲ್ಲಿ ನೆರೆ, ಬರ, ನಿರಾಶ್ರಿತರ ಶಿಬಿರಗಳ ಸಮೀಕ್ಷೆಗೆಂದು ಬೆಳೆದ ಮುಕ್ತ ತಂತ್ರಾಂಶ ಇದು. ಫಾರ್ಮನ್ನು ಕಂಪ್ಯೂಟರಿನಲ್ಲಿ ಕಟ್ಟುವುದು, ಕೋಬೋ ಕಲೆಕ್ಟ್ ಎಂಬ ಆ್ಯಪಿನಿಂದ ಆಂಡ್ರಾಯ್ಡ್ ಫೋನಿನಲ್ಲಿ ತುಂಬುವುದು, ನೆಟ್‌ವರ್ಕ್ ಸಿಕ್ಕಾಗ ಕಳಿಸುವುದು. ಐಫೋನ್ ಇದ್ದವರು ಬ್ರೌಸರಿನಲ್ಲೇ ತುಂಬಬಹುದು. ಉಚಿತ ಖಾತೆಯಿದೆ, ಆದರೆ ತಿಂಗಳ ಸಲ್ಲಿಕೆಗೂ ಫೋಟೋ ಸಂಗ್ರಹಕ್ಕೂ ಮಿತಿಯಿದೆ. ಈ ಮಿತಿ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ, ಹಾಗಾಗಿ ಕೆಲಸ ಶುರು ಮಾಡುವ ದಿನವೇ ಖಾತೆಯ ಪುಟದಲ್ಲಿ ನೋಡಿಕೊಳ್ಳಿ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುವುದಾದರೆ: ಪಾಲಿಕೆಯೊಳಗೆ ಹೊಸದನ್ನು ಮಾಡಿ ನೋಡುವ ಅಭ್ಯಾಸ ಬೆಳೆಸಲು ಇದಕ್ಕಿಂತ ಅಗ್ಗದ, ಇದಕ್ಕಿಂತ ಬೇಗ ಕೈಗೆ ಹತ್ತುವ ಸಾಧನ ನಮಗೆ ಕಂಡಿಲ್ಲ. ಇದು ಕೈಕೊಡುವ ಕಡೆಗಳೂ ಇವೆ, ಅವುಗಳಲ್ಲಿ ಹೆಚ್ಚಿನವು ಫೋನಿನ ಹೊರಗಿನವು.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ದಾವಣಗೆರೆಯದೇ ಒಂದು ಕೆಲಸವನ್ನು ಹಿಡಿದು ನೋಡೋಣ: ಮಂಡಕ್ಕಿ ಭಟ್ಟಿಗಳ ಸಮೀಕ್ಷೆ. ಹೊಗೆ ಕಡಿಮೆಯಾಗಬೇಕು, ಭಟ್ಟಿ ನಿಲ್ಲಬಾರದು, ಇದು ಪಾಲಿಕೆಯ ಮುಂದಿರುವ ಹಳೇ ಗಂಟು. ಒಲೆ ಬದಲಿಸುವ ಯಾವುದೇ ಪ್ರಯೋಗಕ್ಕೂ ಮೊದಲು ಎಷ್ಟು ಭಟ್ಟಿ ಉರಿಯುತ್ತಿವೆ, ಏನು ಸುಡುತ್ತಾರೆ, ಯಾವ ಹೊತ್ತಿನಲ್ಲಿ, ದಿನಕ್ಕೆ ಎಷ್ಟು ಹುರಿಯುತ್ತಾರೆ ಎಂಬ ಲೆಕ್ಕ ಬೇಕು.

ಮೊದಲ ಫಾರ್ಮಿನಲ್ಲಿ ಎಲ್ಲರೂ ಬರೆಯುವ ಪ್ರಶ್ನೆ ಹೀಗಿರುತ್ತದೆ: ‘ದಿನಕ್ಕೆ ಎಷ್ಟು ಚೀಲ?’ ಇದಕ್ಕೆ ಬರುವ ಉತ್ತರ ಯಾವುದಕ್ಕೂ ಬರುವುದಿಲ್ಲ. ಚೀಲ ಎಂದರೆ ಯಾವ ಚೀಲ? ಭತ್ತದ ಚೀಲವೇ, ಉಪ್ಪುನೀರು ಬೆರೆಸಿಟ್ಟ ಅಕ್ಕಿಯ ಚೀಲವೇ, ಕಾದ ಮರಳಿನಲ್ಲಿ ಹುರಿದು ತುಂಬಿದ ಮಂಡಕ್ಕಿಯ ಚೀಲವೇ? ಅಕ್ಕಿ ಅರಳಿದಾಗ ಗಾತ್ರ ಎಷ್ಟೋ ಪಟ್ಟು ಹೆಚ್ಚುತ್ತದೆ, ತೂಕ ಹೆಚ್ಚುವುದಿಲ್ಲ. ಒಬ್ಬರು ಅಕ್ಕಿ ಹೇಳಿ ಇನ್ನೊಬ್ಬರು ಮಂಡಕ್ಕಿ ಹೇಳಿದರೆ ಸಣ್ಣ ಭಟ್ಟಿ ದೊಡ್ಡದಾಗಿ, ದೊಡ್ಡದು ಸಣ್ಣದಾಗಿ ಕಾಣುತ್ತದೆ. ಸರಿಯಾದ ಕ್ರಮ ಎಂದರೆ ಪ್ರಶ್ನೆಯನ್ನು ಎರಡಾಗಿ ಒಡೆಯುವುದು. ಮೊದಲು ‘ನಿನ್ನೆ ಒಲೆಗೆ ಹಾಕಿದ ಅಕ್ಕಿ ಎಷ್ಟು?’ ಎಂದು ಸಂಖ್ಯೆ ಕೇಳಿ. ಆಮೇಲೆ ಅಳತೆಯನ್ನು ಪಟ್ಟಿಯಿಂದ ಆರಿಸಲು ಕೊಡಿ: ಕಿಲೋ, ಸೇರು, ಚೀಲ. ಚೀಲ ಎಂದರೆ ಮಾತ್ರ ಮೂರನೇ ಪ್ರಶ್ನೆ ತೆರೆಯಲಿ: ಒಂದು ಚೀಲಕ್ಕೆ ಎಷ್ಟು ಕಿಲೋ? ಕೋಬೋದಲ್ಲಿ ಇದಕ್ಕೆ ಸ್ಕಿಪ್ ಲಾಜಿಕ್ ಎನ್ನುತ್ತಾರೆ. ಪ್ರಶ್ನೆಯ ಪಕ್ಕದ ಗೇರ್ ಚಿಹ್ನೆ ಒತ್ತಿದರೆ ಸಿಗುತ್ತದೆ, ಕೋಡ್ ಬರೆಯುವ ಅಗತ್ಯವಿಲ್ಲ. ‘ದಿನಕ್ಕೆ ಸರಾಸರಿ’ ಎನ್ನುವ ಬದಲು ‘ನಿನ್ನೆ’ ಎಂದು ಕೇಳುವುದೂ ಮುಖ್ಯ. ಸರಾಸರಿ ಕೇಳಿದರೆ ಜನ ಅಂದಾಜು ಹೇಳುತ್ತಾರೆ, ನಿನ್ನೆಯದನ್ನು ಕೇಳಿದರೆ ನೆನಪಿನಿಂದ ಹೇಳುತ್ತಾರೆ.

ಉರುವಲಿನ ಪ್ರಶ್ನೆ ಇನ್ನೂ ಸೂಕ್ಷ್ಮ. ಕೈಯಲ್ಲಿ ಫೋನ್ ಹಿಡಿದ ಪಾಲಿಕೆಯವರು ‘ಟೈರು ಸುಡುತ್ತೀರಾ’ ಎಂದರೆ ಯಾರೂ ಹೌದು ಎನ್ನುವುದಿಲ್ಲ. ಅದನ್ನು ಕೇಳುವ ಪ್ರಶ್ನೆಯಾಗಿ ಇಡದೆ ನೋಡಿ ಬರೆಯುವ ಪ್ರಶ್ನೆಯಾಗಿ ಇಡಬೇಕು: ಒಲೆಯ ಪಕ್ಕ ರಾಶಿ ಬಿದ್ದಿರುವುದು ಏನು? ಭತ್ತದ ಹೊಟ್ಟು, ಕಟ್ಟಿಗೆ, ಟೈರು, ಬೇರೆ. ಒಂದಕ್ಕಿಂತ ಹೆಚ್ಚು ಆರಿಸುವ ಬಗೆ ಇರಲಿ. ಇದರ ಜೊತೆಗೆ ಒಂದು ತೀರ್ಮಾನ ಫಾರ್ಮು ಕಟ್ಟುವ ಮೊದಲೇ ಆಗಬೇಕು. ಈ ಸಮೀಕ್ಷೆಯ ಉತ್ತರದ ಮೇಲೆ ನೋಟಿಸ್ ಕೊಡುವುದಿಲ್ಲ ಎಂದು ಆಯುಕ್ತರ ಮಟ್ಟದಲ್ಲಿ ಬರಹದಲ್ಲಿ ಇರಬೇಕು. ಒಂದು ನೋಟಿಸ್ ಹೋದರೆ ಮುಂದಿನ ವಾರ ಯಾವ ಭಟ್ಟಿಯ ಬಾಗಿಲೂ ತೆರೆಯುವುದಿಲ್ಲ, ಆಮೇಲೆ ಎಂಥ ಆ್ಯಪ್ ಇದ್ದರೂ ಅಷ್ಟೆ.

ಒಟ್ಟು 18ರಿಂದ 20 ಪ್ರಶ್ನೆ, 8ರಿಂದ 10 ನಿಮಿಷ. ಅದಕ್ಕಿಂತ ಉದ್ದವಾದರೆ ಕೇಳುವವರು ನಡುವೆ ತಾವೇ ತುಂಬತೊಡಗುತ್ತಾರೆ. ಇದನ್ನು ಹಿಡಿಯಲು ಕೋಬೋದಲ್ಲಿ ಒಳ್ಳೆಯ ಸೌಲಭ್ಯವಿದೆ: ಫಾರ್ಮು ತೆರೆದ ಹೊತ್ತು, ಮುಗಿಸಿದ ಹೊತ್ತು ತಾನೇ ದಾಖಲಾಗುತ್ತದೆ. 10 ನಿಮಿಷದ ಫಾರ್ಮು 2 ನಿಮಿಷದಲ್ಲಿ ಮುಗಿದಿದ್ದರೆ, ಸಾಲಾಗಿ ಆರು ಹಾಗೇ ಇದ್ದರೆ, ಅದು ಚಹಾ ಅಂಗಡಿಯಲ್ಲಿ ಕೂತು ತುಂಬಿದ್ದು. ಭಟ್ಟಿಗಳ ಕೆಲಸ ಬೆಳಗಿನ ಜಾವದಲ್ಲಿ ಜೋರಾಗಿರುವುದರಿಂದ ಮಧ್ಯಾಹ್ನ 3ಕ್ಕೆ ಹೋದ ಭೇಟಿಗೂ ಬೆಳಿಗ್ಗೆ 6ಕ್ಕೆ ಹೋದ ಭೇಟಿಗೂ ಕಾಣುವುದೇ ಬೇರೆ. ಇದನ್ನು ಜರಡಿ ಹಿಡಿಯಲೂ ಈ ಹೊತ್ತಿನ ಕಾಲಂ ಬೇಕು.

ಸ್ಥಳ ಗುರುತು, ಅಂದರೆ ಜಿಪಿಎಸ್, ಈ ಆ್ಯಪಿನ ದೊಡ್ಡ ಆಕರ್ಷಣೆ. ದೊಡ್ಡ ತಲೆನೋವೂ ಅದೇ. ಬಯಲಿನಲ್ಲಿ 5 ಮೀಟರ್ ನಿಖರತೆ ಬೇಗ ಸಿಗುತ್ತದೆ. ಚೌಕಿಪೇಟೆ, ಮಂಡಿಪೇಟೆಯ ಇಕ್ಕಟ್ಟಿನ ಗಲ್ಲಿಗಳಲ್ಲಿ, ಮೇಲಂತಸ್ತು ಬೀದಿಗೆ ಚಾಚಿದ ಕಡೆ, ತಗಡಿನ ಚಾವಣಿಯ ಕೆಳಗೆ 15-20 ಮೀಟರ್ ಸರಿದುಹೋಗುವುದು ಸಾಮಾನ್ಯ. ಪಕ್ಕಪಕ್ಕದ ಎರಡು ಭಟ್ಟಿ ನಕ್ಷೆಯಲ್ಲಿ ಅದಲುಬದಲಾಗಲು ಅಷ್ಟು ಸಾಕು. ಹಾಗಾಗಿ ಜಿಪಿಎಸ್ ಪ್ರಶ್ನೆಯನ್ನು ಫಾರ್ಮಿನ ಮೊದಲಿಗೇ ಇಡಿ, ಒಳಗೆ ಹೋಗುವ ಮುಂಚೆ ಬಾಗಿಲ ಹೊರಗೆ ನಿಂತು ಹಿಡಿಯಲಿ. ತೆರೆಯ ಮೇಲಿನ ಅಂಕಿ 10ಕ್ಕಿಂತ ಕೆಳಗೆ ಇಳಿಯುವವರೆಗೆ ಅರ್ಧ ನಿಮಿಷ ಕಾಯಲು ಹೇಳಿ. ಜೊತೆಗೆ ಬಾಗಿಲ ಸಂಖ್ಯೆ ಅಥವಾ ಹತ್ತಿರದ ವಿದ್ಯುತ್ ಕಂಬದ ಸಂಖ್ಯೆ ಇದ್ದರೆ ಅದನ್ನೂ ಬರೆಸಿ. ಉಪಗ್ರಹ ತಪ್ಪಿದಾಗ ಕೈಹಿಡಿಯುವುದು ಬೆಸ್ಕಾಂ ಕಂಬವೇ.

ಫೋಟೋ ವಿಷಯದಲ್ಲಿ ಸಣ್ಣ ಲೆಕ್ಕ. ಈಗಿನ ಫೋನಿನ ಒಂದು ಫೋಟೋ ಸುಮಾರು 4 ಎಂಬಿ. 1 ಜಿಬಿ ಜಾಗಕ್ಕೆ 250 ಫೋಟೋ ಹಿಡಿದರೆ ಮುಗಿಯಿತು. ಫಾರ್ಮಿನಲ್ಲೇ ಫೋಟೋದ ಉದ್ದದ ಬದಿಗೆ 1024 ಪಿಕ್ಸೆಲ್ ಮಿತಿ ಹಾಕಿದರೆ ಒಂದು ಫೋಟೋ 200 ಕೆಬಿ ಆಸುಪಾಸಿಗೆ ಇಳಿಯುತ್ತದೆ, ಅದೇ ಜಾಗದಲ್ಲಿ 5,000 ಹಿಡಿಸುತ್ತವೆ. ಉರುವಲಿನ ರಾಶಿ ಗುರುತಿಸಲು ಅಷ್ಟು ಸ್ಪಷ್ಟತೆ ಧಾರಾಳ. ಈ ಮಿತಿ ಹಾಕುವುದನ್ನು ಮೊದಲ ದಿನ ಮರೆತು, ಮೂರನೇ ವಾರ ಸಂಗ್ರಹ ತುಂಬಿ ಫೋನುಗಳು ಕಳಿಸಲಾಗದೆ ನಿಲ್ಲುವುದು ಹೊಸಬರ ಖಾಯಂ ತಪ್ಪು.

ಇನ್ನು ಕನ್ನಡ. ಪ್ರಶ್ನೆಗಳು, ಆಯ್ಕೆಗಳು ಎಲ್ಲವನ್ನೂ ಕನ್ನಡದಲ್ಲಿ ಇಡಬಹುದು, ಬೇಕಿದ್ದರೆ ಅದೇ ಫಾರ್ಮಿಗೆ ಉರ್ದು ಅನುವಾದವನ್ನೂ ಸೇರಿಸಿ ಫೋನಿನಲ್ಲಿ ಭಾಷೆ ಬದಲಿಸಬಹುದು. ತೊಂದರೆ ಬರುವುದು ಕಚೇರಿಯ ಹಳೆಯ ಪಟ್ಟಿಗಳಿಂದ. ಬೀದಿಗಳ ಹೆಸರು, ಪರವಾನಗಿದಾರರ ಪಟ್ಟಿ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಅಕ್ಷರ ಶೈಲಿಯಲ್ಲಿ ಟೈಪಾಗಿರುತ್ತವೆ. ಆ ಕಡತವನ್ನು ಹಾಗೇ ಎಳೆದು ಫಾರ್ಮಿಗೆ ಹಾಕಿದರೆ ಫೋನಿನಲ್ಲಿ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ನುಡಿ ತಂತ್ರಾಂಶದ ಪರಿವರ್ತಕದಲ್ಲಿ ಯೂನಿಕೋಡಿಗೆ ತಿರುಗಿಸಿ, ಆಮೇಲೆ ಕಣ್ಣಿನಿಂದ ಒಮ್ಮೆ ಓದಿ. ಅರ್ಕಾವೊತ್ತು ಮತ್ತು ಎರಡೆರಡು ಒತ್ತಕ್ಷರ ಇರುವ ಹೆಸರುಗಳಲ್ಲೇ ಎಡವಟ್ಟು ಉಳಿದಿರುತ್ತದೆ. ಬಡಾವಣೆಯ ಹೆಸರನ್ನು ಎಂದಿಗೂ ಟೈಪು ಮಾಡಿಸಬೇಡಿ. ನಿಟುವಳ್ಳಿ ಒಬ್ಬರ ಫೋನಿನಲ್ಲಿ ನಿಟ್ಟುವಳ್ಳಿ, ಇನ್ನೊಬ್ಬರದರಲ್ಲಿ ನಿಟುವಳ್ಳಿ ಹೊಸ ಬಡಾವಣೆ. ಎಣಿಸುವಾಗ ಒಂದೇ ಊರು ಮೂರಾಗುತ್ತದೆ. ವಾರ್ಡ್ ಆರಿಸಿದರೆ ಆ ವಾರ್ಡಿನ ಬೀದಿಗಳಷ್ಟೇ ತೆರೆಯುವಂತೆ ಪಟ್ಟಿ ಕಟ್ಟಬಹುದು. 45 ವಾರ್ಡಿನ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಒಮ್ಮೆ ಸರಿಯಾಗಿ ಮಾಡಿಟ್ಟರೆ ಮುಂದಿನ ಎಲ್ಲ ಸಮೀಕ್ಷೆಗೂ ಅದೇ ಸಾಕು. ಈ ಒಂದು ಕಡತ ಇಡೀ ಕಸರತ್ತಿನ ಅತ್ಯಂತ ಬೆಲೆಬಾಳುವ ಆಸ್ತಿ. ಮಾಹಿತಿ ಇಳಿಸಿಕೊಳ್ಳುವಾಗ ಸಿಎಸ್‌ವಿ ಬದಲು ಎಕ್ಸೆಲ್ ರೂಪವನ್ನೇ ಆರಿಸಿ. ಸಿಎಸ್‌ವಿಯನ್ನು ನೇರವಾಗಿ ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡ ಕೆಟ್ಟು ಕಾಣುವ ಸಂಭವ ಹೆಚ್ಚು.

ಈಗ ಈ ಸಾಧನದ ಜೀವಾಳಕ್ಕೆ ಬರೋಣ: ನಡುವೆ ಫಾರ್ಮು ತಿದ್ದುವುದು. ಮೊದಲ ದಿನ ಐದು ಭಟ್ಟಿಗೆ ಹೋಗಿ ಬಂದ ಮೇಲೆ ‘ಹೊಟ್ಟು ಯಾವ ಮಿಲ್ಲಿನಿಂದ ಬರುತ್ತದೆ’ ಎಂಬ ಪ್ರಶ್ನೆ ಬೇಕು ಎನಿಸಿದರೆ ಸಂಜೆ 6ಕ್ಕೆ ಸೇರಿಸಿ, ರೀಡಿಪ್ಲಾಯ್ ಒತ್ತಿ, ಬೆಳಿಗ್ಗೆ ಫೋನುಗಳಿಗೆ ಇಳಿಸಿಕೊಂಡರಾಯಿತು. ಟೆಂಡರ್ ಬೇಡ, ಪತ್ರ ಬೇಡ. 1999ರ ಸಾರ್ವಜನಿಕ ಸಂಗ್ರಹಣೆ ಕಾಯ್ದೆಯಡಿ ತಂತ್ರಾಂಶ ಕೊಳ್ಳುವ ಕಡತ ಓಡಾಡುವ ಹೊತ್ತಿನಲ್ಲಿ ಇಲ್ಲಿ ನಾಲ್ಕು ಬಾರಿ ತಪ್ಪಿ ನಾಲ್ಕು ಬಾರಿ ತಿದ್ದಿಕೊಳ್ಳಬಹುದು. ಪಾಲಿಕೆಯಲ್ಲಿ ಇನ್ನೊವೇಶನ್ ಸೆಲ್ ಎಂಬ ಬೋರ್ಡು ತೂಗುಹಾಕುವುದಕ್ಕಿಂತ ದ್ವಿತೀಯ ದರ್ಜೆ ಸಹಾಯಕರೊಬ್ಬರು ತಾವೇ ಫಾರ್ಮು ತಿದ್ದಲು ಕಲಿತರೆ ಹೆಚ್ಚು ದೂರ ಹೋಗಬಹುದು ಎಂಬುದು ನಮ್ಮ ಅಂದಾಜು.

ಆದರೆ ತಿದ್ದುವುದಕ್ಕೂ ಕಟ್ಟುಪಾಡು ಇದೆ. ಪ್ರಶ್ನೆಯ ಮೇಲೆ ಕಾಣುವ ವಾಕ್ಯವನ್ನು ಎಷ್ಟು ಸಲ ಬೇಕಾದರೂ ಬದಲಿಸಿ. ಒಳಗಿರುವ ಕಾಲಂ ಹೆಸರನ್ನು ಮಾತ್ರ ಮುಟ್ಟಬೇಡಿ. ಮುಟ್ಟಿದರೆ ಒಂದೇ ಪ್ರಶ್ನೆಯ ಉತ್ತರ ಎರಡು ಕಾಲಮಿನಲ್ಲಿ ಹರಿದು ಹಂಚಿಹೋಗುತ್ತದೆ. ಆಯ್ಕೆಯೊಂದು ತಪ್ಪಾಗಿದ್ದರೆ ಅದರ ಒಳಗಿನ ಸಂಕೇತ ಬದಲಿಸದೆ ಹೊಸ ಆಯ್ಕೆ ಸೇರಿಸಿ. ಫೋನಿನಲ್ಲಿ ಅರ್ಧ ತುಂಬಿಟ್ಟ ಕರಡುಗಳು ಹಳೇ ಫಾರ್ಮಿನಲ್ಲೇ ಉಳಿಯುತ್ತವೆ, ಆದ್ದರಿಂದ ತಿದ್ದುವ ಮೊದಲು ಎಲ್ಲರೂ ಕರಡು ಮುಗಿಸಿ ಕಳಿಸಿದ್ದಾರೆಯೇ ಎಂದು ಕೇಳಿ. ಕೋಬೋ ಕಲೆಕ್ಟ್‌ನ ಸೆಟ್ಟಿಂಗಿನಲ್ಲಿ ಸರ್ವರಿನಲ್ಲಿರುವ ಫಾರ್ಮೇ ಫೋನಿಗೂ ತಾನಾಗಿ ಬರುವಂತೆ ಮಾಡುವ ಆಯ್ಕೆಯಿದೆ, ಅದನ್ನು ಹಾಕಿಬಿಡಿ. ಇಲ್ಲದಿದ್ದರೆ ಆರು ಫೋನಿನಲ್ಲಿ ಎರಡು ಹಳೇ ಪ್ರಶ್ನೆಯನ್ನೇ ಕೇಳುತ್ತಿರುತ್ತವೆ. ಇಳಿಸಿಕೊಳ್ಳುವಾಗ ಎಲ್ಲ ಆವೃತ್ತಿಗಳ ಮಾಹಿತಿ ಸೇರಿಸು ಎಂಬ ಗುರುತು ಹಾಕಲು ಮರೆಯಬೇಡಿ.

ಖಾತೆ ಯಾರ ಹೆಸರಿನಲ್ಲಿರಬೇಕು? ಇದು ಕ್ಷುಲ್ಲಕ ಪ್ರಶ್ನೆಯಂತೆ ಕಂಡರೂ ಎಷ್ಟೋ ಪ್ರಯೋಗಗಳು ಸತ್ತಿರುವುದು ಇಲ್ಲೇ. ಪದವೀಧರರನ್ನು ನಗರ ಸ್ಥಳೀಯ ಸಂಸ್ಥೆಗಳಿಗೆ ಇಂಟರ್ನ್ ಆಗಿ ಕಳಿಸುವ ಟುಲಿಪ್ ಯೋಜನೆ 2020ರ ಜೂನ್ 4ರಂದು ಶುರುವಾಯಿತು. ಬಿಐಇಟಿ, ಯುಬಿಡಿಟಿಯಂಥ ಕಾಲೇಜುಗಳಿರುವ ದಾವಣಗೆರೆಗೆ ಹೇಳಿಮಾಡಿಸಿದ ಯೋಜನೆ ಅದು. ಇಂಟರ್ನ್ ಬರುತ್ತಾರೆ, ತಮ್ಮದೇ ಜಿಮೇಲ್‌ನಿಂದ ಖಾತೆ ತೆರೆಯುತ್ತಾರೆ, ಸೊಗಸಾದ ಫಾರ್ಮು ಕಟ್ಟುತ್ತಾರೆ, ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಹೊರಡುತ್ತಾರೆ. ಪಾಸ್‌ವರ್ಡ್ ಅವರ ಜೊತೆಯೇ ಹೋಗುತ್ತದೆ. ಖಾತೆ ಹುದ್ದೆಯ ಸರ್ಕಾರಿ ಇಮೇಲ್‌ಗೆ ಇರಲಿ, ಇಂಟರ್ನ್‌ಗೆ ತಿದ್ದುವ ಅನುಮತಿ ಮಾತ್ರ ಕೊಡಿ. ಈಗಾಗಲೇ ಬೇರೆಯವರ ಖಾತೆಯಲ್ಲಿದ್ದರೆ ಪ್ರಾಜೆಕ್ಟ್ ಒಡೆತನ ವರ್ಗಾಯಿಸುವ ಸೌಲಭ್ಯವಿದೆ, ಅವರು ಊರು ಬಿಡುವ ಮುಂಚೆಯೇ ಮಾಡಿಸಿಕೊಳ್ಳಿ. ಮೇಯರ್ ಅವಧಿ ಒಂದು ವರ್ಷ, ಆಯುಕ್ತರ ವರ್ಗಾವಣೆ ಹೇಳಿ ಕೇಳಿ ಬರುವುದಿಲ್ಲ. ಕಾಯಂ ಆಗಿ ಉಳಿಯುವವರು ಗುಮಾಸ್ತರು ಮತ್ತು ಪರಿಸರ ಅಭಿಯಂತರರು. ತರಬೇತಿಯ ಹೊತ್ತನ್ನು ಅವರ ಮೇಲೆ ಹಾಕುವುದೇ ಜಾಣತನ. ಎಕ್ಸೆಲ್ ಬಲ್ಲವರಿಗೆ ಎರಡು ಮಧ್ಯಾಹ್ನ ಸಾಕು: ಒಂದು ಫಾರ್ಮು ಕಟ್ಟಲು, ಇನ್ನೊಂದು ಇಳಿಸಿಕೊಂಡ ಹಾಳೆಯನ್ನು ಪಿವೊಟ್ ಟೇಬಲ್‌ನಲ್ಲಿ ಎಣಿಸಲು.

ಮಾಹಿತಿ ಬಂದ ಮೇಲೆ ಓದುವವರು ಯಾರು ಎಂಬುದಕ್ಕೆ ಕೋಬೋ ಉತ್ತರ ಕೊಡುವುದಿಲ್ಲ. ಪ್ರತಿ ಸಲ್ಲಿಕೆಗೂ ಒಪ್ಪಿದೆ, ಒಪ್ಪಿಲ್ಲ, ತಡೆಹಿಡಿದಿದೆ ಎಂದು ಗುರುತು ಹಾಕುವ ಕಾಲಂ ಇದೆ. ಅದನ್ನು ಅದೇ ದಿನ ಸಂಜೆ ಬಳಸಿದರೆ ಮಾತ್ರ ಲಾಭ. ವಾರ ಕಳೆದ ಮೇಲೆ ‘ಆ ಭಟ್ಟಿಯ ಸಂಖ್ಯೆ ತಪ್ಪಿದೆ’ ಎಂದರೆ ಹೋಗಿ ಬಂದವರಿಗೇ ನೆನಪಿರುವುದಿಲ್ಲ. ಸೋಮವಾರ ಬೆಳಿಗ್ಗೆ ಅರ್ಧ ಗಂಟೆ, ಒಂದೇ ಹಾಳೆ: ಈ ವಾರ ಏನು ಗೊತ್ತಾಯಿತು, ಅದರಿಂದ ಏನು ಬದಲಿಸುತ್ತೇವೆ, ಯಾರು, ಯಾವತ್ತಿಗೆ. ದೊಡ್ಡ ಪರದೆಯ ಮೇಲೆ ಬಣ್ಣಬಣ್ಣದ ವೃತ್ತಗಳನ್ನು ತೋರಿಸುವ ಚಪಲ ಬೇಡ. ಕೋಬೋದ ವರದಿ ಪುಟ ತಾನಾಗಿಯೇ ಅಂಥ ಚಿತ್ರ ಕೊಡುತ್ತದೆ, ಹಾಗೆ ಬಂದ ಚಿತ್ರಗಳೇ ಕೆಲಸ ಮುಗಿಯಿತೆಂಬ ಭ್ರಮೆ ಹುಟ್ಟಿಸುತ್ತವೆ.

ಚಿತ್ರದುರ್ಗದಂಥ ನಗರಸಭೆಗೆ ಇದೇ ಸಾಧನ ಇನ್ನೂ ಚಿಕ್ಕ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ. ನೀರು ಬಿಡುವ ವಾಲ್ವ್‌ಮ್ಯಾನ್ ಪ್ರತಿ ವಾಲ್ವ್ ಬಳಿ ಮೂರು ಪ್ರಶ್ನೆ ತುಂಬಲಿ: ತೆರೆದ ಹೊತ್ತು, ಮುಚ್ಚಿದ ಹೊತ್ತು, ಕೊನೆಯ ಮನೆಗೆ ನೀರು ಏರಿತೇ. ಏರುತಗ್ಗಿನ ಊರಿನಲ್ಲಿ ಮೂರನೇ ಪ್ರಶ್ನೆಯೇ ಮುಖ್ಯ. ನಾಲ್ಕು ವಾರದ ದಾಖಲೆ ಇದ್ದರೆ ಯಾವ ಬೀದಿಯ ಸರದಿ ಬದಲಿಸಬೇಕು ಎಂಬ ಚರ್ಚೆ ಗಲಾಟೆಯಿಲ್ಲದೆ ನಡೆಯುತ್ತದೆ.

ಯಾವುದಕ್ಕೆ ಬಳಸಬಾರದು ಎಂಬುದೂ ಸ್ಪಷ್ಟವಿರಲಿ. ಸಾರ್ವಜನಿಕರ ದೂರಿಗೆ ಬೇಡ, ಅದಕ್ಕೆ ನಗರ ಸ್ಥಳೀಯ ಸಂಸ್ಥೆಗಳ ದೂರಿನ ಆ್ಯಪ್ ‘ಜನಹಿತ’ ಇದೆ. ಕೋಬೋ ದೂರುದಾರರಿಗೆ ಸ್ವೀಕೃತಿ ಸಂಖ್ಯೆಯ ಸಂದೇಶ ಕಳಿಸುವುದಿಲ್ಲ. ಸಕಾಲ ಕಾಯ್ದೆಯ ಅವಧಿಗೆ ಒಳಪಟ್ಟ ಅರ್ಜಿಗಳಿಗೂ ಬೇಡ. ಆಧಾರ್ ಸಂಖ್ಯೆಯನ್ನಂತೂ ಕೇಳಲೇಬೇಡಿ. ಕೋಬೋದ ಸಾರ್ವಜನಿಕ ಸರ್ವರುಗಳು ಎರಡು, ಒಂದು ಅಮೆರಿಕದಲ್ಲಿ, ಇನ್ನೊಂದು ಯುರೋಪಿನಲ್ಲಿ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿರುವಾಗ ಭಟ್ಟಿ ಕಾರ್ಮಿಕರ ಹೆಸರು, ಫೋನ್ ಸಂಖ್ಯೆ ಸುಮ್ಮನೆ ಕೂಡಿಡುವುದು ತಲೆಯ ಮೇಲೆ ಕಲ್ಲು ಎಳೆದುಕೊಂಡಂತೆ. ಬಾಗಿಲ ಹೊರಗಿನ ಜಿಪಿಎಸ್ ಆದ ಕೂಡಲೇ ಬರುವ ಸಾಲಿನಲ್ಲಿ ಯಾಕೆ ಕೇಳುತ್ತಿದ್ದೇವೆ ಎಂದು ಹೇಳಿ ಒಪ್ಪಿಗೆ ಪಡೆಯಿರಿ. ಹಂಚಿಕೆಯ ಪುಟದಲ್ಲಿ ‘ಯಾರು ಬೇಕಾದರೂ ನೋಡಬಹುದು’ ಎಂಬ ಗುಂಡಿಯಿದೆ. ಲಾಗಿನ್ ರಗಳೆ ತಪ್ಪಲಿ ಎಂದು ಅದನ್ನು ಒತ್ತುವವರಿದ್ದಾರೆ, ಕೊಂಡಿ ಸಿಕ್ಕ ಯಾರಿಗಾದರೂ ಎಲ್ಲ ಉತ್ತರ ಕಾಣುತ್ತದೆ.

ಹೊರದೇಶದ ಸರ್ವರ್ ಬೇಡವೆಂದರೆ ಕೋಬೋವನ್ನೇ ನಮ್ಮ ಸರ್ವರಿನಲ್ಲಿ ಹಾಕಿಕೊಳ್ಳಬಹುದು, ಆದರೆ ನೋಡಿಕೊಳ್ಳಲು ಲಿನಕ್ಸ್, ಡಾಕರ್ ಬಲ್ಲ ಒಬ್ಬರು ಬೇಕು. ಆ ಹಾದಿ ಹಿಡಿಯುವವರಿಗೆ ಅದೇ ಕುಲದ ಇನ್ನೊಂದು ತಂತ್ರಾಂಶ ಓಡಿಕೆ (ODK) ಸೆಂಟ್ರಲ್ ಹಗುರ. ಗೂಗಲ್ ಫಾರ್ಮ್ ಸಾಲದೇ ಎಂದು ಕೇಳುವವರಿಗೆ: ನೆಟ್‌ವರ್ಕ್ ಇಲ್ಲದಿದ್ದರೆ ಅದು ನಡೆಯುವುದಿಲ್ಲ, ಜಿಪಿಎಸ್ ಹಿಡಿಯುವ ಪ್ರಶ್ನೆಯೇ ಅದರಲ್ಲಿಲ್ಲ, ಫೋಟೋ ಸೇರಿಸಲು ಗೂಗಲ್ ಲಾಗಿನ್ ಬೇಕು.

ಆರು ಜನರ ತಂಡಕ್ಕೆ ಖರ್ಚೆಂದರೆ ಮೂರು ಪವರ್ ಬ್ಯಾಂಕ್, ಇಬ್ಬರಿಗೊಂದರಂತೆ. ಫೋನ್ ಅವರವರದೇ ಆದರೆ ಡೇಟಾ ರೀಚಾರ್ಜ್ ಹಣವನ್ನು ಕಚೇರಿ ಕೊಡಬೇಕು, ಇಲ್ಲದಿದ್ದರೆ ಎರಡನೇ ವಾರ ಸಲ್ಲಿಕೆಗಳು ನಿಧಾನವಾಗುವುದು ಖಚಿತ. ಒಬ್ಬೊಬ್ಬರ ಚೀಲದಲ್ಲೂ ಫಾರ್ಮಿನ ಹತ್ತು ಕಾಗದದ ಪ್ರತಿ ಇರಲಿ. ಒಲೆಯ ಪಕ್ಕ ಬೇಸಿಗೆಯ ಬೆಳಿಗ್ಗೆ ಫೋನ್ ಕಾದು ಆಫ್ ಆಗುವುದುಂಟು. ಕಾಗದದಲ್ಲಿ ಬರೆದುಕೊಂಡದ್ದನ್ನು ಅದೇ ಸಂಜೆ ಕಂಪ್ಯೂಟರಿನಿಂದ ತುಂಬಬಹುದು, ಆದರೆ ಆಗ ದಾಖಲಾಗುವ ಹೊತ್ತು ಸಂಜೆಯದು, ತುಂಬಲು ಹಿಡಿದ ಸಮಯ 2 ನಿಮಿಷ. ಪ್ರಾಮಾಣಿಕವಾಗಿ ದುಡಿದವರನ್ನು ಚಹಾ ಅಂಗಡಿಯವರ ಸಾಲಿಗೆ ಸೇರಿಸದಿರಲು ಫಾರ್ಮಿನ ಕೊನೆಗೆ ಎರಡು ಪ್ರಶ್ನೆ ಇಟ್ಟಿರಿ: ಕಾಗದದಿಂದ ತುಂಬಿದ್ದೇ? ಹೌದಾದರೆ, ಭೇಟಿಯ ನಿಜವಾದ ಹೊತ್ತು ಯಾವುದು?